ಮೂರನೇ ಬೋರೂ ಫೇಲ್ ಆತ್ರಿ, ಒಮಾನ್‌ದಾಗ 100 ಮಿಲಿಮೀಟರ್ ಮಳಿಗೆ ಖಜೂರ ಹೆಂಗ ಬೆಳೀತಾರ?

ಮಸಾರಿಹೊಲ_ಮುಂಡರಗಿ:

ನಮಸ್ಕಾರ್ರಿ ಎಲ್ಲಾರಿಗೂ. ನಮ್ದು ಮುಂಡರಗಿ ತಾಲೂಕು, ಕಪ್ಪತಗುಡ್ಡದ ಮಗ್ಗಲಾ, ಆರು ಎಕರೆ ಮಸಾರಿ, ಅದರಾಗ ಎರಡು ಎಕರೆ ದಾಳಿಂಬ್ರಿ ಹಚ್ಚೇವಿ, ಡ್ರಿಪ್ ಐತಿ. ಮೊದಲನೇ ಬೋರು ನಮ್ಮಪ್ಪ ಹೊಡಿಸಿದ್ದು, 220 ಫೂಟು, ಹನ್ನೊಂದು ವರ್ಷ ನೀರು ಕೊಡ್ತು, ಆಮ್ಯಾಲೆ ಬಂದ್ ಆತು. ಎರಡನೇದು 480 ಫೂಟು, ಎರಡು ಇಂಚು ಬಿದ್ದಿತ್ತು, ಎರಡು ಬ್ಯಾಸಗಿ ತಡದು ಅದೂ ಈಗ ಅರ್ಧ ತಾಸು ಹೊಡದು ಗಾಳಿ ಬಿಡಾಕ ಹತ್ತೇತಿ. ಹೋದ ವಾರ ಮೂರನೇದು ಹೊಡಿಸಿದ್ವಿ. ತೆಂಗಿನಕಾಯಿ ಹಿಡದು ನೀರು ನೋಡೋರನ್ನೂ ಕರಸಿದ್ವಿ, ಮಷಿನ್ ಹಚ್ಚಿ ನೋಡೋರನ್ನೂ ಕರಸಿದ್ವಿ, ಇಬ್ರೂ ಒಂದ ಪಾಯಿಂಟ್ ತೋರಿಸಿದ್ರು ಅಂತ ಧೈರ್ಯಾ ಮಾಡಿ ರಾತ್ರಿ ರಿಗ್ ನಿಲ್ಲಿಸಿದ್ವಿ. 650 ಫೂಟ್ ತನಾ ಬರೇ ಧೂಳು. ರಿಗ್ಗಿನವ್ರು ಇನ್ನೊಂದ್ ನೂರು ಇಳಿಸೋಣೇನು ಅಂತ ಕೇಳಿದಾಗೊಮ್ಮೆ ನಮ್ಮವ್ವ ಕೈ ಮುಕ್ಕೊಂಡು ನಿಲ್ತಿದ್ಲು. ನಸುಕಿನ್ಯಾಗ ನಾಕಕ್ಕ ಗಾಡಿ ಹೋತು. ಬೆಳಕಾದ ಮ್ಯಾಲೆ ನೋಡಿದ್ರ ದಾಳಿಂಬ್ರಿ ಎಲಿ ಮ್ಯಾಲೆಲ್ಲಾ ಬೂದಿಗತೆ ಕಲ್ಲಿನ ಪುಡಿ ಕುಂತಿತ್ತು, ಅವ್ವ ಒಂದೊಂದ ಗಿಡ ಸೆರಗಿನಿಂದ ಒರಸ್ಕೋತ ಹೊಂಟಿದ್ಲು, ನನಗ ಏನೂ ಮಾತಾಡಾಕ ಆಗ್ಲಿಲ್ಲ.

ಈಗ ಪ್ರಶ್ನೆ ಏನಂದ್ರ, ನನ್ನ ತಮ್ಮ ಒಮಾನ್‌ದಾಗ ಕೆಲಸಕ್ಕಿದ್ದಾನ. ಅಲ್ಲಿ ವರ್ಷಕ್ಕ 100 ಮಿಲಿಮೀಟರ್ ಮಳಿ ಅಂತ, ನದಿ ಅನ್ನೋದ ಇಲ್ಲಂತ, ಆದ್ರೂ ಖಜೂರದ ತೋಟ ಹಸರ್ ಇರೋ ವಿಡಿಯೋ ಕಳಸ್ತಾನ, ಕಾಲುವ್ಯಾಗ ನೀರು ಹರಿಯಾಕ ಹತ್ತೇತಿ! ನಮ್ಮ ಗದಗ ಜಿಲ್ಲಾದಾಗ 600ರ ಸುತ್ತಮುತ್ತ ಮಳಿ ಬೀಳ್ತೈತಿ. ಆರು ಪಟ್ಟು ಮಳಿ ಇಟ್ಕೊಂಡು ನಾವ್ಯಾಕ ಒಣಗಾಕ ಹತ್ತೇವಿ? ಅವ್ರು ಭಾಳ ಆಳ ಹೊಡಿಸ್ತಾರೇನು? ನಾನೂ ಸಾಲಾ ಮಾಡಿ 900 ಫೂಟು ನೋಡಬೇಕೇನು? ಗೊತ್ತಿದ್ದಾವ್ರು ಖರೇ ಹೇಳ್ರಿ.

ನಿಜ್ವಾದಿಂದ_ಶಿರಹಟ್ಟಿ:

ತಮ್ಮಾ, ನಾ 14 ವರ್ಷ ಒಮಾನ್‌ದಾಗ ಎಲೆಕ್ಟ್ರಿಷಿಯನ್ ಆಗಿದ್ದೆ, ಅದ್ರಾಗ ಒಂಬತ್ತು ವರ್ಷ ನಿಜ್ವಾ ಊರಾಗ, ಈಗ ಶಿರಹಟ್ಟಿಗೆ ಬಂದು ಹೊಲಾ ನೋಡ್ಕೊಂಡೇನಿ. ನಿನ್ನ ತಮ್ಮ ಕಳಸಿರೋ ಕಾಲುವಿಗೆ ಅಲ್ಲಿ ಫಲಜ್ ಅಂತಾರ. ಅದಕ್ಕ ಮೋಟಾರಿಲ್ಲ, ಕರೆಂಟಿಲ್ಲ. ಗುಡ್ಡದ ಬುಡದಾಗ ಒಂದು ತಾಯಿಬಾವಿ ತೋಡಿರ್ತಾರ, ಅಲ್ಲಿಂದ ಊರಿನ ತನಾ ನೆಲದೊಳಗ ಸುರಂಗ, ಸ್ವಲ್ಪ ಸ್ವಲ್ಪ ಇಳಿಜಾರು, ನೀರು ತಾನ ಹರದು ಬರ್ತೈತಿ. ಮಳಿ ತೋಟದಾಗ ಬೀಳೋದಿಲ್ಲೋ ತಮ್ಮಾ, ಗುಡ್ಡದ ಮ್ಯಾಲೆ ಬೀಳ್ತೈತಿ, ಹಳ್ಳದ ಗರಸಿನ್ಯಾಗ ಇಂಗ್ತೈತಿ, ಅದನ್ನ ಕೂಡಿಸಿ ಒಂದು ಸಣ್ಣ ಊರಿಗೆ ತರ್ತಾರ. ಊರ ಸುತ್ತ ಅಷ್ಟ ಹಸರು, ಆಚೆ ಎಲ್ಲಾ ಬೋಳು ಕಲ್ಲು. ವಿಡಿಯೋದಾಗ ಆ ಬೋಳು ಕಲ್ಲು ಕಾಣೋದಿಲ್ಲ.

ಇನ್ನ ಖರೇ ಸಂಗತಿ ಕೇಳು. ನಾ ದಿನಾ ಡ್ಯೂಟಿಗೆ ಹೋಗೋ ದಾರ್ಯಾಗ ಫಲಜ್ ದಾರಿಸ್ ಅಂತ ಹಳೇದೊಂದು ಬರ್ತಿತ್ತು, 2006ರಾಗ ಯುನೆಸ್ಕೋದವ್ರು ಪಟ್ಟಿಗೆ ಸೇರಿಸಿದ ಐದು ಫಲಜ್‌ದಾಗ ಅದೂ ಒಂದು. ಅಂಥಾವು ದೇಶದಾಗ ಇನ್ನೂ 3000ದ ಹತ್ರ ನಡ್ಯಾಕ ಹತ್ತ್ಯಾವು. ನೀರು ಬಯಲಿಗೆ ಬರೋ ಮೊದಲನೇ ಜಾಗಾ ಕುಡಿಯೋದಕ್ಕ ಮಾತ್ರ, ಅಲ್ಲಿ ಯಾರೂ ಕಾಲು ಸೈತ ತೊಳಿಯಂಗಿಲ್ಲ. ಅದರ ಕೆಳಗ ಮಸೀದಿ, ಅದರ ಕೆಳಗ ಜಳಕಾ, ಆಮ್ಯಾಲೆ ಖಜೂರ, ಎಲ್ಲಾ ಮುಗದು ಉಳದ್ರ ಸೊಪ್ಪು, ಮೇವು. ಪ್ರತಿ ಮನಿಗೂ ಪಾಳೆ ಐತಿ. ಅರ್ಧ ತಾಸಿಗೆ ಒಂದು ಅಥರ್ ಅಂತಾರ, ನಿನ್ನ ಪಾಲಿಗೆ ಎರಡು ಅಥರ್ ಇದ್ರ ಒಂದು ತಾಸು ನೀರು ನಿಂದು, ಮುಗೀತಂದ್ರ ಮಗ್ಗಲಿನಾವನ್ದು. ಹಿಂದಕ್ಕ ಹಗಲು ಒಂದು ಕೋಲು ನೆಟ್ಟು ನೆರಳು ನೋಡಿ ಅಳೀತಿದ್ರಂತ, ರಾತ್ರಿ ಚುಕ್ಕಿ ನೋಡಿ. ನಾ ಕಂಡಾಗ ಕೈಗಡಿಯಾರ ಬಂದಿತ್ತು. ಒಬ್ಬ ಅಜ್ಜ, ಎಂಬತ್ತರ ಮ್ಯಾಲೆ ವಯಸ್ಸು, ಕಾಲುವಿ ದಂಡ್ಯಾಗ ಗಡಿಯಾರ ನೋಡ್ಕೋತ ಕುಂತಿರ್ತಿದ್ದ, ಟೈಮ್ ಆತು ಅಂದ್ರ ಬಗ್ಗಿ ಕಲ್ಲು ಸರಸಿ, ಅದರ ಸಂದ್ಯಾಗ ತುರುಕಿದ್ದ ಹಳೇ ಚಿಂದಿ ಕಿತ್ತು ಈ ಕಡಿ ಬಾಯಿಗೆ ತುರಕಿ, ನೀರು ಆ ಕಡೆ ತಿರುವಿ, ಒಂದು ಹನಿ ಸೋರಂಗಿಲ್ಲ ಅಂತ ಬೆರಳು ಹಚ್ಚಿ ನೋಡಿ ಆಮ್ಯಾಲೇ ಏಳ್ತಿದ್ದ. ಸ್ವಂತ ತೋಟಕ್ಕ ಬರೋ ನೀರು ತಾನ ನಿಲ್ಲಿಸಿ ಮಂದಿ ತೋಟಕ್ಕ ಬಿಡೋದನ್ನ ನಾ ಹಿಂಗ ಕಣ್ಣಾರೆ ನೋಡೇನಿ.

ಬರಗಾಲ ಬಂದ್ರ ಎಲ್ಲಾರ ಪಾಲೂ ಸಣ್ಣದಾಗ್ತೈತಿ, ಆ ವರ್ಷ ಮೇವು ಸೊಪ್ಪು ಬಿಟ್ಟು ಖಜೂರ ಅಷ್ಟ ಉಳಿಸ್ತಾರ. ಸುರಂಗ ತನ್ನ ಮಟ್ಟಕ್ಕಿಂತ ಕೆಳಗಿನ ನೀರು ಎಳಿಯಾಕ ಬರಂಗಿಲ್ಲಲ್ಲಾ, ಅದಕ್ಕ ಅದು ನೂರಾರು ವರ್ಷ ಬಾಳೇತಿ.

ಅವ್ರೆಲ್ಲಾ ಜಾಣರು ಅಂತ ಹೇಳಾಕ ಹತ್ತಿಲ್ಲ ಮತ್ತ. ಅದ ಒಮಾನ್‌ದಾಗ ಸಮುದ್ರದ ದಂಡೆಗೆ ಬಾತಿನಾ ಅಂತ ಸೀಮಿ ಐತಿ, ಅಲ್ಲಿ ಪಂಪ್ ಬಂದ ಮ್ಯಾಲೆ ಮನಿಗೊಂದು ಬಾವಿ ತೋಡಿ ಎಳದ್ರು, ಸಿಹಿನೀರು ಕೆಳಗ ಹೋತು, ಆ ಜಾಗಕ್ಕ ಸಮುದ್ರದ ಉಪ್ಪನೀರು ಒಳಗ ಬಂತು. ನಾ ಅಲ್ಲೂ ಆರು ತಿಂಗಳು ಇದ್ದೆ, ತಲಿ ಇಲ್ದ ಖಜೂರದ ಗಿಡ ಸಾಲಗಟ್ಲೆ ನಿಂತಾವು, ತೋಟ ಬಿಟ್ಟು ಹೋಗ್ಯಾರ. 1988ರಾಗ ಸುಲ್ತಾನ್‌ರು ನೆಲದ ನೀರು ದೇಶದ ಸ್ವತ್ತು ಅಂತ ಆಜ್ಞಾ ಹೊರಡಿಸಿದ್ರು, ಈಗ ಪರವಾನಗಿ ಇಲ್ದ ಬಾವಿ ತೋಡಂಗಿಲ್ಲ, ಫಲಜ್ ತಾಯಿಬಾವಿ ಹತ್ರಂತೂ ಬಿಡೋದ ಇಲ್ಲ.

ನಿನ್ನ 900 ಫೂಟಿನ ಪ್ರಶ್ನೆಗೆ ಕಲ್ಲು ಓದಿದವ್ರು ಹೇಳಲಿ. ನಾ ಒಂದ ಕೇಳ್ತೀನಿ, ನಿನ್ನ ಸುತ್ತ ಎಷ್ಟು ಬೋರು ಅದಾವು?

ಧಾರವಾಡ_ಕಲ್ಲುಮಣ್ಣು:

ನಾನು ಭೂವಿಜ್ಞಾನ ಪಾಠ ಮಾಡೋಳು, ಅದಕ್ಕ ಸ್ವಲ್ಪ ಉದ್ದ ಬರೀತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ.

900 ಬ್ಯಾಡ್ರಿ. ನಿಮ್ಮ ಕಡೆ ಕೆಳಗಿರೋದು ಗಟ್ಟಿ ಕಲ್ಲು. ಮ್ಯಾಲಿನ ಸವದ ಪದರು ಐತಲ್ಲಾ, ನಾವು ಮೊರಂ ಗರಸು ಅಂತೀವಲ್ಲಾ, ಅದು ಸ್ಪಂಜಿನಂಗ ನೀರು ಹಿಡೀತೈತಿ, ಅದರ ಕೆಳಗ ಕಲ್ಲಿನ ಬಿರುಕಿನ್ಯಾಗ ಇದ್ದಷ್ಟೇ ನೀರು. ಆಳಕ್ಕ ಹೋದಂಗ ಮ್ಯಾಲಿನ ಭಾರಕ್ಕ ಬಿರುಕು ಮುಚ್ಚಿಕೋತ ಹೋಗ್ತಾವು. ಅಲ್ಲೊಂದು ಇಲ್ಲೊಂದು ಆಳದಾಗ ಸಿಕ್ಕೀತು, ಆದ್ರ ಅದು ಜೂಜು, ಸಿಕ್ಕರೂ ಅದು ಕಟ್ಟಿಟ್ಟ ಹಳೇ ನೀರು, ಒಂದೆರಡು ವರ್ಷಕ್ಕ ಖಾಲಿ, ಯಾಕಂದ್ರ ಮಳಿ ನೀರು ಅಲ್ಲಿ ತನಾ ಇಳಿಯಾಕ ದಾರಿ ಇರೋದಿಲ್ಲ. ಮುಂಡರಗಿ ಕಡೆ ಫ್ಲೋರೈಡ್ ಕಾಟ ಮೊದಲ ಐತಿ, ಕುಡಿಯಾಕ ಬಳಸೋ ಮುಂಚೆ ಟೆಸ್ಟ್ ಮಾಡ್ಸಲೇಬೇಕು.

ಸೌದಿ ಮತ್ತ ಲಿಬಿಯಾದಾಗ ಹೆಂಗ ಸಾವಿರಾರು ಫೂಟು ಇಳಿಸಿ ನೀರು ತಗದ್ರು ಅಂತ ಮುಂದ ಯಾರರೆ ಕೇಳೇ ಕೇಳ್ತೀರಿ. ಅಲ್ಲಿ ಕೆಳಗಿರೋದು ಮರಳುಗಲ್ಲು, ನೂರಾರು ಕಿಲೋಮೀಟರ್ ಹಬ್ಬೇತಿ. ಸಾವಿರಾರು ವರ್ಷದ ಹಿಂದ ಆ ಮರಳುಗಾಡಿನ್ಯಾಗ ಮಳಿ ಚೊಲೋ ಬೀಳ್ತಿದ್ದ ಕಾಲದಾಗ ಇಂಗಿದ ನೀರದು. ಈಗ ತಗದದ್ದು ವಾಪಸ್ ತುಂಬೋದಿಲ್ಲ. ಸೌದಿಯವ್ರು 1970ರ ದಶಕದ ಕೊನಿಗೆ ನಮ್ಮ ಗೋಧಿ ನಾವ ಬೆಳಕೊಂತೀವಿ ಅಂತ ಶುರು ಮಾಡಿದ್ರು, ಸರ್ಕಾರ ಜಗತ್ತಿನ ರೇಟಿಗಿಂತ ಎಷ್ಟೋ ಪಟ್ಟು ಜಾಸ್ತಿ ಕೊಟ್ಟು ಖರೀದಿ ಮಾಡ್ತು, ಮರಳಿನ್ಯಾಗ ಗುಂಡನ್ನ ಹಸರು ಹೊಲ ಎದ್ದು ನಿಂತ್ವು, 1992ರ ಹೊತ್ತಿಗೆ 40 ಲಕ್ಷ ಟನ್ ಬೆಳದು ಹೊರಗಿನ ದೇಶಕ್ಕ ಮಾರಿದ್ರು. ಒಂದು ಕಿಲೋ ಗೋಧಿ ಮಾರೋದಂದ್ರ ಸಾವಿರ ಲೀಟರಿಗೂ ಮ್ಯಾಲೆ ನೀರು ಮಾರಿದಂಗರಿ, ಅದೂ ಮತ್ತ ತುಂಬಲಾರದ ನೀರು. ಕಡೀಕ 2008ರಾಗ ಇದು ಬ್ಯಾಡ ಅಂತ ತೀರ್ಮಾನ ಮಾಡಿ ವರ್ಷಾ ವರ್ಷಾ ಖರೀದಿ ಕಡಿಮಿ ಮಾಡ್ಕೋತ ಬಂದು 2016ಕ್ಕ ನಿಲ್ಲಿಸಿದ್ರು. ಆಮ್ಯಾಲೆ ಸಣ್ಣ ಪ್ರಮಾಣದಾಗ ಮತ್ತ ಬಿಟ್ಟಾರ, ಅದು ಬ್ಯಾರೆ ಮಾತು. ಅಲ್‌ ಅಹ್ಸಾ ಅಂತ ಅಲ್ಲಿನ ದೊಡ್ಡ ಓಯಸಿಸ್, ಹಿಂದ ಬುಗ್ಗಿ ತಾನ ಉಕ್ಕತಿದ್ದ ಊರು, ಈಗ ಪಂಪ್ ಹಚ್ಚಿ ನೀರು ಎತ್ತಬೇಕು. ಲಿಬಿಯಾ 1984ರಾಗ ಶುರು ಮಾಡಿ ಒಂದು ಜೀಪು ಹೋಗೋವಷ್ಟು ಅಗಲದ, ನಾಕು ಮೀಟರ್ ಪೈಪ್ ಹಾಕಿ ದಕ್ಷಿಣದ ಮರಳುಗಾಡಿನಿಂದ ಸಮುದ್ರದ ದಂಡಿ ಊರಿಗೆ ನೀರು ತಂತು, ಅದೂ ಇಂಥಾ ಹಳೇ ನೀರ.

ನಮ್ಮದು ಬ್ಯಾರೆ ಕಥಿ. ನಮ್ಮ ನೀರು ಪ್ರತಿ ವರ್ಷ ಬರ್ತೈತಿ. ಲೆಕ್ಕ ನೋಡ್ರಿ: ಒಂದು ಮಿಲಿಮೀಟರ್ ಮಳಿ ಅಂದ್ರ ಒಂದು ಚದರ ಮೀಟರಿಗೆ ಒಂದು ಲೀಟರ್. ಒಂದು ಎಕರೆ 4047 ಚದರ ಮೀಟರ್. 600 ಮಿಲಿಮೀಟರ್ ಬಿದ್ರ ಒಂದು ಎಕರೆ ಮ್ಯಾಲೆ 24 ಲಕ್ಷ ಲೀಟರ್, ನಿಮ್ಮ ಆರು ಎಕರೆಗೆ ಒಂದು ಕೋಟಿ 45 ಲಕ್ಷ ಲೀಟರ್! ಇದ್ರಾಗ ಗಟ್ಟಿ ಕಲ್ಲಿನ ಸೀಮ್ಯಾಗ ನೆಲದೊಳಗ ಇಂಗಿ ಉಳಿಯೋದು ನೂರಕ್ಕ ಐದರಿಂದ ಹತ್ತು ಮಾತ್ರ. ಉಳದದ್ದು ಆವಿ ಆಗ್ತೈತಿ, ಬೆಳಿ ಕುಡೀತೈತಿ, ಹಳ್ಳಕ್ಕ ಹೋಗ್ತೈತಿ. ಆ ಹಳ್ಳಕ್ಕ ಹೋಗೋದನ್ನ ಹಿಡೀರಿ. 21 ಮೀಟರ್ ಉದ್ದ ಅಗಲ, 3 ಮೀಟರ್ ಆಳದ ಕೃಷಿಹೊಂಡ ಸುಮಾರು ಹತ್ತು ಲಕ್ಷ ಲೀಟರ್ ಹಿಡೀತೈತಿ. ಎರಿ ಹೊಲದಾಗ ತಾಡಪಾಲು ಇಲ್ದ ನಿಲ್ತೈತಿ, ನಿಮ್ಮ ಮಸಾರ್ಯಾಗ ಶೀಟ್ ಬೇಕ. ಇಲ್ಲಾ ಅಂದ್ರ ಶೀಟ್ ಇಲ್ದ ಬಿಡ್ರಿ, ಇಂಗಲಿ, ಅದೂ ಚೊಲೋ.

ಎರಡನೇ ಬೋರು ಬಿಡಬ್ಯಾಡ್ರಿ, ಅದಕ್ಕ ಬಿರುಕು ಸಿಕ್ಕೇತಿ ಅನ್ನೋದು ಖಾತ್ರಿ ಐತಿ. ಕೇಸಿಂಗ್ ಸುತ್ತ ಗುಂಡಿ ತಗದು ದಪ್ಪ ಕಲ್ಲು, ಜಲ್ಲಿ, ಮ್ಯಾಲೆ ಮರಳು ತುಂಬಿ ಮಳಿ ನೀರು ಸೋಸಿ ಇಳಿಯಂಗ ಮಾಡ್ರಿ. ಕೆಸರ ನೀರು, ಗೊಬ್ಬರ ಎಣ್ಣಿ ಹೊಡದ ಹೊಲದ ನೀರು ಸೀದಾ ಬಿಡಬ್ಯಾಡ್ರಿ, ಬೋರಿನ ಜೊತಿಗೆ ನೀರೂ ಕೆಡ್ತೈತಿ. ಮತ್ತ ಫೇಲ್ ಆದ ಮೂರನೇದಕ್ಕ ಇವತ್ತ ಕ್ಯಾಪ್ ಹಾಕಿ ಬಿಗೀರಿ. ಚೀಲಾ ಕಟ್ಟೇವಿ ಕಲ್ಲ ಇಟ್ಟೇವಿ ಅನ್ನೋದು ನಡಿಯಂಗಿಲ್ಲ, ಸಣ್ಣ ಹುಡ್ರು ಅಡ್ಡಾಡೋ ಜಾಗಾ.

ರಾಣೆಬೆನ್ನೂರು_ರೈತ:

ಅಕ್ಕಾರ ನಿಮ್ಮ ಲೆಕ್ಕ ಸರಿ ಐತ್ರಿ, ಆದ್ರ ಒಂದು ಮಾತು ನೇರ ಹೇಳ್ತೀನಿ ತಪ್ಪು ತಿಳ್ಕೋಬ್ಯಾಡ್ರಿ. ಗಿಡದಾಗ ಕಾಯಿ ನಿಂತಾವು, ಬ್ಯಾಂಕ್ ಕಂತು ಮಾರ್ಚಿಗೆ ಐತಿ, ಅಂಥಾ ರೈತಗ ಮುಂದಿನ ವರ್ಷದ ಮಳಿ ಹಿಡೀರಿ ಅಂದ್ರ ಅಂವ ಏನ್ ಮಾಡಬೇಕು? ಬೋರು ಹೊಡಸೋದು ಆಸೆಗಲ್ಲ, ಕಣ್ಣ ಮುಂದ ಗಿಡ ಒಣಗೋದು ನೋಡಾಕ ಆಗೋದಿಲ್ಲ ಅಂತ. ನಾನೂ ಐದು ಹೊಡಿಸೇನಿ, ಮೂರು ಹೋಗ್ಯಾವು. ತುಂಗಭದ್ರಾ ನಮ್ಮ ಮಗ್ಗಲಾಗ ಹರೀತೈತಿ, ಮುಂಡರಗಿಗೆ ಸಿಂಗಟಾಲೂರು ಏತ ನೀರಾವರಿ ಐತಿ, ಕೊನಿ ಹೊಲದ ತನಾ ನೀರು ಮುಟ್ಟಿದ್ರ ಯಾರು ಬೋರು ಹೊಡಸ್ತಿದ್ರು? ಎಲ್ಲಾ ತಪ್ಪು ರೈತನ ತಲಿಗೆ ಕಟ್ಟಬ್ಯಾಡ್ರಿ. ಈ ವರ್ಷದ ಮಟ್ಟಿಗೆ ಟ್ಯಾಂಕರ್ ಹಾಕಿ ಗಿಡಾ ಉಳಿಸ್ಕೊ ಅಣ್ಣಾ, ಕಾಯಿ ಅರ್ಧ ಉದುರಿಸಿಬಿಡು, ಗಿಡ ಬದುಕಿದ್ರ ಸಾಕು.

ಧಾರವಾಡ_ಕಲ್ಲುಮಣ್ಣು:

ತಪ್ಪು ತಿಳ್ಕೊಳ್ಳೋದೇನಿಲ್ರಿ, ನೀವು ಹೇಳಿದ್ದು ಖರೇ ಐತಿ. ಕಾಯಿ ಉದುರಿಸೋ ಮಾತು ನನಗಿಂತ ನಿಮಗ ಚೊಲೋ ಗೊತ್ತು. ಬುಡಕ್ಕ ದಪ್ಪಗೆ ರವದಿ, ಹೊಟ್ಟು ಹಾಸಿದ್ರ ಅದ ಟ್ಯಾಂಕರ್ ನೀರು ಇನ್ನಷ್ಟು ದಿನ ತಡೀತೈತಿ. ಕಾಲುವಿ ನೀರು ಕೊನಿ ತನಾ ಮುಟ್ಟಬೇಕು ಅನ್ನೋದ್ರಾಗ ನನ್ನದೂ ಎರಡ ಮಾತಿಲ್ಲ.

ಉಣಕಲ್_ಕಡೆಯವ:

ಹುಬ್ಬಳ್ಳಿಯಿಂದ ಒಂದು ಮಾತು. ನಮ್ಮ ಏರಿಯಾಕ್ಕ ವಾರಕ್ಕೊಮ್ಮೆ ನಳ ಬರ್ತೈತಿ, ನೀರು ಬಿಡೋ ದಿನ ಅಂದ್ರ ಮನಿ ಮಂದಿ ಯಾರೂ ಊರಿಗೆ ಹೋಗಂಗಿಲ್ಲ. 2008ರಾಗ ಹುಬ್ಬಳ್ಳಿ ಧಾರವಾಡದ ಕೆಲವು ವಾರ್ಡಿಗೆ 24 ತಾಸು ನೀರು ಬಂತು, ರಸ್ತೆ ಆ ಕಡಿಯವರಿಗೆ ಯಾವಾಗ್ಲೂ, ಈ ಕಡೆ ನಮಗ ವಾರಕ್ಕೊಮ್ಮೆ, ನೋಡ್ಕೋತ ಬೆಳದೇವಿ. ಹಿಂಗಾಗಿ ಜೋರ್ಡನ್ ಬಗ್ಗೆ ಓದಿದಾಗ ನಮ್ಮ ಮನಿ ಕಥಿ ಅನ್ನಿಸ್ತು. ಅಲ್ಲಿ ಅಮ್ಮಾನ್ ಊರಾಗ ಎಷ್ಟೋ ವರ್ಷದಿಂದ ವಾರಕ್ಕೊಮ್ಮೆ ನೀರು, ಎಲ್ಲಾ ಮಾಳಿಗಿ ಮ್ಯಾಲೂ ಟಾಕಿ. ಆ ದೇಶದಾಗ ಒಬ್ಬ ಮನಷ್ಯಾಗ ವರ್ಷಕ್ಕ ಸಿಗೋ ಹೊಸಾ ನೀರು 100 ಘನಮೀಟರಿಗಿಂತ ಕಡಿಮಿ, ಅದ್ರಾಗ ಹೊಲ, ಕಾರ್ಖಾನಿ, ಮನಿ ಎಲ್ಲಾ ಬಂತು.

ಅಲ್ಲಿ ಅಜ್ರಕ್ ಅಂತ ಮರಳುಗಾಡಿನ ನಡುವ ಕೆರಿ ಇತ್ತು, ಲಕ್ಷಗಟ್ಲೆ ಹಕ್ಕಿ ಇಳೀತಿದ್ವಂತ. ಅಮ್ಮಾನ್ ಊರಿಗೆ ನೀರು ಬೇಕಂತ 1980ರ ದಶಕದಾಗ ಅಲ್ಲಿಂದ ಪಂಪ್ ಮಾಡಿದ್ರು, ಸುತ್ತಲಿನ ತೋಟದವ್ರೂ ಬೋರು ಹಾಕಿದ್ರು, 1992ಕ್ಕ ಬುಗ್ಗಿ ಬತ್ತಿಹೋತು. ಆಮ್ಯಾಲೆ ಹೊರಗಿಂದ ನೀರು ಬಿಟ್ಟು ಬಿಟ್ಟು ಹಳೇ ಕೆರಿ ಹತ್ತರಾಗೊಂದು ಪಾಲು ಮಾತ್ರ ಉಳಿಸ್ಯಾರ. 2013ರಿಂದ ದೀಸಿ ಅನ್ನೋ ಕಡಿಂದ 325 ಕಿಲೋಮೀಟರ್ ಪೈಪ್ ಹಾಕಿ ಊರಿಗೆ ತರ್ತಾರ, ಅದೂ ಅಕ್ಕಾರ ಹೇಳಿದಂಗ ಹಳೇ ನೀರ. ನಮ್ಮ ನೀರಸಾಗರ 2017ರ ಸುತ್ತ ಒಣಗಿ ಬಿರುಕು ಬಿಟ್ಟಿದ್ದು ನಾ ಬೈಕ್ ಮ್ಯಾಲೆ ಹೋಗಿ ನೋಡಿ ಬಂದೆ, ಕೆರಿ ನಡುವ ನಿಂತಿದ್ದೆ. ಆವತ್ತಿಂದ ಮನ್ಯಾಗ ಪಾತ್ರಿ ತೊಳದ ನೀರು ಗಿಡಕ್ಕ ಹಾಕೋದು ಬಿಟ್ಟಿಲ್ಲ.

ಮಸಾರಿಹೊಲ_ಮುಂಡರಗಿ:

ಎಲ್ಲಾರಿಗೂ ಭಾಳ ಧನ್ಯವಾದ್ರಿ. ಮೂರನೇ ಬೋರಿಗೆ ಕ್ಯಾಪ್ ಹಾಕಿಸಿದೆ ಅಕ್ಕಾರ, ನೀವು ಬರದ ದಿನಾನ. ಶಿರಹಟ್ಟಿ ಅಣ್ಣಾರ, ನೀವು ಕೇಳಿದ್ರಿ ಅಂತ ನಿನ್ನೆ ನಡಕೋತ ಎಣಿಸಿದೆ. ನಮ್ಮ ಹೊಲದಿಂದ ಕೂಗಿದ್ರ ಕೇಳೋವಷ್ಟು ದೂರದಾಗ 17 ಬೋರು ಅದಾವು, ನಡ್ಯಾಕ ಹತ್ತಿರೋವು 9. ಅಪ್ಪನ ಕಾಲಕ್ಕ ಎರಡ ಇದ್ವು.

ನಿಜ್ವಾದಿಂದ_ಶಿರಹಟ್ಟಿ:

ಹಾಂ, ಇದನ್ನ ಕೇಳಬೇಕಂತ ಇದ್ದೆ ತಮ್ಮಾ. ತ್ರೀ ಫೇಸ್ ಯಾವಾಗ ಕೊಡ್ತಾರ ನಿಮ್ಮಲ್ಲೆ? ನಮ್ಮಲ್ಲೆ ಏಳು ತಾಸು ಅಂತಾರ, ಅದೂ ಹಗಲಿಗಿಷ್ಟು ರಾತ್ರಿಗಿಷ್ಟು. ಎಲ್ಲಾರೂ ಆಟೋ ಸ್ಟಾರ್ಟರ್ ಹಾಕ್ಯಾರ, ಕರೆಂಟ್ ಬಂದ ಕ್ಷಣ ಒಂಬತ್ತೂ ಮೋಟಾರು ಒಮ್ಮೆ ಎದ್ದು ಕುಂದರ್ತಾವು. ಬೋರು ಎಳಿಯೋವಾಗ ಸುತ್ತಲಿನ ನೀರು ಬೋಗಾಣಿಗತೆ ತಗ್ಗಾಗ್ತೈತಿ, ಒಂಬತ್ತು ತಗ್ಗು ಒಂದಕ್ಕೊಂದು ಕೂಡಿದ್ರ ಯಾರ ಬೋರಿಗೂ ನೀರು ನಿಲ್ಲಂಗಿಲ್ಲ, ಎಲ್ಲಾವೂ ಗಾಳಿ ಹೊಡೀತಾವು, ಮೋಟಾರು ಸುಡ್ತಾವು, ಮತ್ತ ಎಲ್ಲಾರೂ ಇನ್ನಷ್ಟು ಪೈಪ್ ಇಳಿಸ್ತಾರ. ನಾ ನಿಜ್ವಾದಿಂದ ತಂದದ್ದು ಏನರೆ ಇದ್ರ ಆ ಅಜ್ಜನ ಗಡಿಯಾರ ಅಷ್ಟ. ಇಲ್ಲಿ ಬಂದ ಮ್ಯಾಲೆ ಮಗ್ಗಲಿನ ನಾಕು ಹೊಲದವ್ರನ್ನ ಕರದು ಚಾ ಕುಡಿಸಿ ಹೇಳಿದೆ, ಸ್ಟಾರ್ಟರ್ ಆಟೋದಿಂದ ತಗದುಬಿಡೋಣು, ಒಂದಿನ ಇಬ್ರು, ಮರುದಿನ ಇಬ್ರು ಹಚ್ಚೋಣು. ಒಬ್ಬಾಂವ ಒಪ್ಪಲೇ ಇಲ್ಲ, ಇವತ್ತಿಗೂ ಒಪ್ಪಿಲ್ಲ. ಮೂವರು ಒಪ್ಪಿದ್ರು. ಎರಡು ಬ್ಯಾಸಗಿ ಆತು, ನನ್ನ ಬೋರು ಮೊದಲು ಒಂದು ತಾಸಿಗೆ ಗಾಳಿ ಬಿಡ್ತಿತ್ತು, ಈಗ ನನ್ನ ಪಾಳೆದ ದಿನ ಮೂರು ತಾಸು ಸತತ ಹೊಡೀತೈತಿ. ಮಳಿ ಚೊಲೋ ಆಗಿದ್ದೂ ಇರಬೌದು, ನಾ ಪಾಳೆದಿಂದ ಅಷ್ಟ ಆತು ಅಂತ ಆಣಿ ಮಾಡಂಗಿಲ್ಲ. ಆದ್ರ ನಾಕು ವರ್ಷ ಮಾತು ಬಿಟ್ಟಿದ್ದ ನಮ್ಮ ದೊಡ್ಡಪ್ಪನ ಮಗ ಈಗ ಪಾಳೆ ಮುಗೀತು ಅಂತ ಫೋನ್ ಹಚ್ತಾನ.

ಸುರಂಗ ತೋಡೋ ವಿದ್ಯೆ ನಮ್ಮ ರಾಜ್ಯಕ್ಕ ಹೊಸಾದಲ್ಲ ಮತ್ತ. ಬೀದರಿನ ನೌಬಾದ್‌ದಾಗ ಬಹಮನಿ ಕಾಲದ ಸುರಂಗ ಬಾವಿ ಐತಿ, ಕರೇಜ್ ಅಂತಾರ, ಪದ್ಧತಿ ಫಲಜ್‌ನದ. ನಿಮ್ಮ ಗದಗ ಮಗ್ಗಲಾ ಲಕ್ಕುಂಡ್ಯಾಗ ನೂರಾ ಒಂದು ಗುಡಿ, ನೂರಾ ಒಂದು ಬಾವಿ ಅಂತ ಹೇಳ್ತಾರಲ್ಲಾ, ಮುಸುಕಿನ ಬಾವಿ ಮೆಟ್ಲಾ ಒಮ್ಮೆ ಇಳದು ನೋಡು, ಆ ಮಂದಿ ನೀರಿಗೆ ಎಷ್ಟು ಮರ್ಯಾದಿ ಕೊಟ್ಟಿದ್ರು ಅಂತ ಕಾಣ್ತೈತಿ.

ಮಸಾರಿಹೊಲ_ಮುಂಡರಗಿ:

ಅಣ್ಣಾರ ನೀವು ಹೇಳಿದ್ದು ಅವ್ವಗ ಓದಿ ಹೇಳಿದೆ. ಅಕಿ ಏನಂದ್ಲು ಅಂದ್ರ, ನಿಮ್ಮಪ್ಪಗೂ ಮಗ್ಗಲಿನ ಹೊಲದ ಕಾಕಾಗೂ ಹಿಂಗ ಪಾಳೆ ಇತ್ತು, ಆಗ ತೆರದ ಬಾವಿ, ಮಟ್ಟಿ ಹೊಡಿಯೋ ಎತ್ತು ಇಬ್ಬರ್ದೂ ಕೂಡಿ ಇದ್ವು, ಬೋರು ಬಂದ ಮ್ಯಾಲೆ ಯಾರಿಗೆ ಯಾರೂ ಬ್ಯಾಡಾದ್ರು ಅಂತ. ಆ ಕಾಕಾನ ಮಗನ ಜೋಡಿ ನನಗ ಬದುವಿನ ಜಗಳಕ್ಕ ಮಾತಿಲ್ಲ. ಇವತ್ತ ಸಂಜಿಕೆ ಅವನ ಹೊಲಕ್ಕ ಹೋಗಿದ್ದೆ. ಕುಂದ್ರು ಅಂದ. ಪಾಳೆ ಬಗ್ಗೆ ಇನ್ನೂ ಹಾಂ ಅಂದಿಲ್ಲ, ವಿಚಾರ ಮಾಡ್ತೀನಿ ಅಂದಾನ.

900 ಫೂಟು ಕೈಬಿಟ್ಟೆ. ಕಾಯಿ ನಾಳಿಂದ ಉದುರಿಸ್ತೀವಿ. ಟ್ಯಾಂಕರ್ ಮಾತಾಡೇನಿ. ಹೊಂಡದ ಅರ್ಜಿ ರೈತ ಸಂಪರ್ಕ ಕೇಂದ್ರದಾಗ ಕೇಳ್ತೀನಿ.

ಇನ್ನೊಂದು ಮಾಡಿದೆ. ಅಪ್ಪನ ಕಾಲದ ತೆರದ ಬಾವಿ ಮುಳ್ಳು ಕಂಟಿ ಬೆಳದು ಮುಚ್ಚಿಹೋಗಿತ್ತು, ಅದನ್ನ ಕಡದು ಹಗ್ಗಕ್ಕ ಕಲ್ಲು ಕಟ್ಟಿ ಬಿಟ್ಟು ನೋಡಿದೆ. 43 ಫೂಟಿಗೆ ಕಲ್ಲು ಹಸಿ ಆಗಿ ಬಂತು, ಹಗ್ಗದ ತುದಿಗೆ ಅರ್ಧ ಮೊಳ ಕೆಸರು ಹತ್ತಿತ್ತು. ಇನ್ನ ಪ್ರತಿ ಅಮಾಸಿಗೆ ಅಳದು ಇಲ್ಲೇ ಬರೀತೀನಿ, ಧಾರವಾಡದ ಅಕ್ಕಾರ ನೀವು ನೋಡ್ಕೋತ ಇರ್ರಿ.